ಅಪೊಮ್ಯಾಟಕ್ಸ್ ಹಳ್ಳಿಯಲ್ಲಿ ಒಂದು ದಿನ

ಯುದ್ಧ ನಡೆದ ಸ್ಥಳಗಳನ್ನು ನೋಡಲು ಹೋಗುವವರು ಸಾಮಾನ್ಯವಾಗಿ ಗೆಲುವಿನ ಕುರುಹುಗಳನ್ನು ಹುಡುಕುತ್ತಾರೆ. ಕೋಟೆಯ ಬುರುಜು, ತುಕ್ಕು ಹಿಡಿದ ತೋಪು, ಕುದುರೆಯನ್ನೇರಿದ ವೀರನ ಪ್ರತಿಮೆ, ವಿಜಯಸ್ತಂಭ, ಇಂಥವನ್ನು ಕಂಡು ಬೆರಗಾಗಿ ಹಿಂದಿರುಗುತ್ತಾರೆ. ಆದರೆ ಅಮೆರಿಕ ಸಂಯುಕ್ತ ಸಂಸ್ಥಾನದ ವರ್ಜೀನಿಯ ರಾಜ್ಯದಲ್ಲಿರುವ ಒಂದು ಪುಟ್ಟ ಹಳ್ಳಿಗೆ ಜನರು ದೂರದೂರದಿಂದ ಬರುವುದು ಇಂಥ ಯಾವುದನ್ನೂ ನೋಡುವುದಕ್ಕಲ್ಲ. ಅವರು ಬರುವುದು ಒಂದು ಮನೆಯ ಮುಂದಿನ ಕೋಣೆಯನ್ನು ನೋಡುವುದಕ್ಕೆ. ಆ ಕೋಣೆಯಲ್ಲಿ 1865ನೆಯ ಇಸವಿಯ ಏಪ್ರಿಲ್ 9ರಂದು ಇಬ್ಬರು ಸೇನಾಪತಿಗಳು ಎದುರುಬದುರಾಗಿ ಕುಳಿತು ಒಂದೂವರೆ ಗಂಟೆ ಮಾತನಾಡಿದರು. ಅವರು ಎದ್ದು ಹೊರಗೆ ಬರುವ ಹೊತ್ತಿಗೆ ನಾಲ್ಕು ವರ್ಷಗಳ ಘೋರ ಅಂತರ್ಯುದ್ಧದ ಕೊನೆ ಕಣ್ಣಿಗೆ ಕಾಣುತ್ತಿತ್ತು.

ಕೆಲವು ವರ್ಷಗಳ ಹಿಂದೆ ನಾನು ಆ ಹಳ್ಳಿಗೆ ಹೋಗಿದ್ದೆ. ನನ್ನ ಮಗ ವರ್ಜೀನಿಯದ ರಾಜಧಾನಿಯಾದ ರಿಚ್ಮಂಡ್ ನಗರದಲ್ಲಿ ಉದ್ಯೋಗದಲ್ಲಿದ್ದನು. ಅವನೊಡನೆ ಒಂದೆರಡು ತಿಂಗಳು ಇದ್ದು ಬರೋಣವೆಂದು ಹೋದವನಿಗೆ ಒಂದು ಭಾನುವಾರ ಈ ಯಾತ್ರೆ ಒದಗಿತು. ಎಂಟು ವರ್ಷದ ಮೊಮ್ಮಗಳೂ ನಮ್ಮ ಜೊತೆಗಿದ್ದಳು. ರಿಚ್ಮಂಡಿನಿಂದ ಪಶ್ಚಿಮಕ್ಕೆ ಕಾರಿನಲ್ಲಿ ಸುಮಾರು ಎರಡು ಗಂಟೆಯ ದಾರಿ. ಏಪ್ರಿಲ್ ತಿಂಗಳು, ಅಲ್ಲಿ ಅದು ವಸಂತಕಾಲ. ರಸ್ತೆಯ ಎರಡೂ ಬದಿಯ ಕಾಡಿನಲ್ಲಿ ಮರಗಳು ಆಗತಾನೆ ಚಿಗುರುತ್ತಿದ್ದವು. ಎಲೆ ಮೂಡುವ ಮೊದಲೇ ಹೂ ಬಿಡುವ ಮರಗಳು ನಡುನಡುವೆ ಬೆಳ್ಳಗೆ, ನಸುಗೆಂಪಗೆ ಹೊಳೆಯುತ್ತಿದ್ದವು. ಇಂಥ ದಾರಿಯಲ್ಲಿ ಹಸಿದ ಸೈನ್ಯವೊಂದು ಬರಿಗಾಲಿನಲ್ಲಿ ನಡೆದುಹೋಗಿತ್ತೆಂದು ನಂಬುವುದು ಕಷ್ಟವಾಗಿತ್ತು.

ಹಳ್ಳಿಯ ಹೆಸರು ಅಪೊಮ್ಯಾಟಕ್ಸ್ ಕೋರ್ಟ್ ಹೌಸ್. ಹೆಸರು ಕೇಳಿದವರು ಶರಣಾಗತಿ ನ್ಯಾಯಾಲಯದ ಕಟ್ಟಡದಲ್ಲಿ ನಡೆಯಿತೆಂದು ತಿಳಿಯುವುದುಂಟು. ನಾನೂ ಹಾಗೆಯೇ ತಿಳಿದಿದ್ದೆ. ವಾಸ್ತವವಾಗಿ ವರ್ಜೀನಿಯದಲ್ಲಿ ಜಿಲ್ಲೆಯ ಕೇಂದ್ರವಾದ ಊರಿಗೆ ಜಿಲ್ಲೆಯ ಹೆಸರಿನೊಡನೆ ‘ಕೋರ್ಟ್ ಹೌಸ್’ ಎಂದು ಸೇರಿಸಿ ಕರೆಯುವ ರೂಢಿ ಇತ್ತು. ಮೊದಲು ಇದು ಕ್ಲೋವರ್ ಹಿಲ್ ಎಂಬ ಹೆಸರಿನ, ರಿಚ್ಮಂಡ್ ಮತ್ತು ಲಿಂಚ್‌ಬರ್ಗ್ ನಗರಗಳ ನಡುವಿನ ಕುದುರೆಗಾಡಿಗಳು ತಂಗುವ ಸಣ್ಣ ಊರು. 1819ರಲ್ಲಿ ಕಟ್ಟಿದ ಅದರ ಛತ್ರ ಈಗಲೂ ಇದೆ. 1845ರಲ್ಲಿ ಅಪೊಮ್ಯಾಟಕ್ಸ್ ಜಿಲ್ಲೆ ರಚನೆಯಾದಾಗ ಈ ಊರು ಅದರ ಕೇಂದ್ರವಾಯಿತು. ಮರುವರ್ಷ ನ್ಯಾಯಾಲಯದ ಕಟ್ಟಡ ಎದ್ದಿತು. ಶರಣಾಗತಿಯ ದಿನ ಭಾನುವಾರವಾದ್ದರಿಂದ ಆ ಕಟ್ಟಡಕ್ಕೆ ಬೀಗ ಹಾಕಿತ್ತು.

ನಾವು ವಾಹನವನ್ನು ಹಳ್ಳಿಯ ಹೊರಗೆ ನಿಲ್ಲಿಸಿ ನಡೆದುಹೋದೆವು. ಒಳಗೆ ಮೋಟಾರುಗಳ ಓಡಾಟವಿಲ್ಲ. ಹಳೆಯ ಗಾಡಿರಸ್ತೆ, ಅದರ ಪಕ್ಕದಲ್ಲಿ ಸೀಳಿದ ಮರದ ದಿಮ್ಮಿಗಳನ್ನು ಅಡ್ಡಡ್ಡಲಾಗಿ ಪೇರಿಸಿದ ಬೇಲಿ, ಹಸಿರು ಹುಲ್ಲಿನ ಇಳಿಜಾರು, ಅಲ್ಲೊಂದು ಇಲ್ಲೊಂದು ಮನೆ. ಒಂದು ಅಂಗಡಿ, ಒಂದು ಸೆರೆಮನೆ, ಕೆಲವು ವಾಸದ ಮನೆಗಳು, ಒಬ್ಬ ವಕೀಲನ ಕಚೇರಿ. ನಮ್ಮ ಕಡೆಯ ಸಾಧಾರಣ ಗ್ರಾಮದ ಒಂದು ಓಣಿಯಲ್ಲಿ ಇವಿಷ್ಟೂ ಹಿಡಿಯುತ್ತವೆ.

ಈ ಯುದ್ಧದ ಕಾರಣವನ್ನು ಇಲ್ಲಿ ಸಂಕ್ಷೇಪವಾಗಿ ಹೇಳಬೇಕು. ಅಮೆರಿಕದ ದಕ್ಷಿಣ ಭಾಗದ ರಾಜ್ಯಗಳ ಸಂಪತ್ತು ನಿಂತಿದ್ದುದು ಹತ್ತಿ, ಹೊಗೆಸೊಪ್ಪುಗಳ ಬೇಸಾಯದ ಮೇಲೆ. ಆ ಬೇಸಾಯ ನಿಂತಿದ್ದುದು ಆಫ್ರಿಕದಿಂದ ತಂದ ಜನರ ಮತ್ತು ಅವರ ಸಂತತಿಯ ಗುಲಾಮಗಿರಿಯ ಮೇಲೆ. 1860ರ ವೇಳೆಗೆ ಅಲ್ಲಿ ಸುಮಾರು 40 ಲಕ್ಷ ಜನ ಗುಲಾಮರಿದ್ದರು. ಗುಲಾಮಗಿರಿ ಹೊಸ ಪ್ರದೇಶಗಳಿಗೆ ಹರಡಬಾರದೆಂಬ ನಿಲುವಿನ ಅಬ್ರಹಾಂ ಲಿಂಕನ್ ಅಧ್ಯಕ್ಷನಾಗಿ ಆಯ್ಕೆಯಾದಾಗ ದಕ್ಷಿಣದ ರಾಜ್ಯಗಳು ಒಕ್ಕೂಟದಿಂದ ಬೇರೆಯಾದೆವೆಂದು ಸಾರಿದವು. 1861ರ ಏಪ್ರಿಲ್ 12ರಂದು ಯುದ್ಧ ಆರಂಭವಾಯಿತು. ಈ ಯುದ್ಧದಲ್ಲಿ ಮಡಿದವರು ಆರು ಲಕ್ಷಕ್ಕಿಂತ ಹೆಚ್ಚು. ಏಳು ಲಕ್ಷವನ್ನು ಮೀರುತ್ತದೆಂದೂ ಈಚಿನ ವಿದ್ವಾಂಸರು ಗಣಿಸಿದ್ದಾರೆ.

ಅಷ್ಟು ದೂರದ ಆ ಯುದ್ಧದ ಬಿಸಿ ನಮ್ಮ ಧಾರವಾಡದ ಎರೆಹೊಲಗಳನ್ನೂ ಮುಟ್ಟಿತ್ತು. ಉತ್ತರದ ನೌಕೆಗಳು ದಕ್ಷಿಣದ ಬಂದರುಗಳನ್ನು ಮುಚ್ಚಿದ ಮೇಲೆ ಇಂಗ್ಲೆಂಡಿನ ಗಿರಣಿಗಳಿಗೆ ಅಮೆರಿಕದ ಹತ್ತಿ ಬರುವುದು ನಿಂತಿತು. ಅವು ಹಿಂದೂಸ್ತಾನದ ಹತ್ತಿಗಾಗಿ ಮುಗಿಬಿದ್ದವು. ಅಮೆರಿಕದ ಬೀಜದಿಂದಲೇ ಬೆಳೆದು ‘ಧಾರವಾಡ–ಅಮೆರಿಕನ್’ ಎಂದು ಹೆಸರಾಗಿದ್ದ ನಮ್ಮ ಹತ್ತಿಗೆ ಹಿಂದೆಂದೂ ಇಲ್ಲದ ಬೆಲೆ ಬಂದಿತು. 1865ರಲ್ಲಿ ಯುದ್ಧ ಮುಗಿಯುತ್ತಲೇ ಬೆಲೆ ಕುಸಿಯಿತು. ಮುಂಬಯಿಯ ಎಷ್ಟೋ ವರ್ತಕರು ದಿವಾಳಿಯೆದ್ದರು. ಹತ್ತಿಯ ನಾಡಿನಲ್ಲಿ ಹುಟ್ಟಿದ ನನಗೆ ಈ ಹಳ್ಳಿಯ ಹೆಸರು ತೀರ ಪರಕೀಯವೆನಿಸದಿರಲು ಇದೂ ಒಂದು ಕಾರಣ.

1865ರ ಏಪ್ರಿಲ್ ಮೊದಲ ವಾರದಲ್ಲಿ ದಕ್ಷಿಣದವರ ರಾಜಧಾನಿಯಾದ ರಿಚ್ಮಂಡ್ ಕೈಬಿಟ್ಟಿತು. ಅವರ ಸೇನಾಪತಿ ರಾಬರ್ಟ್ ಲೀ ತನ್ನ ಅಳಿದುಳಿದ ಸೈನ್ಯದೊಡನೆ ಪಶ್ಚಿಮಕ್ಕೆ ಹಿಮ್ಮೆಟ್ಟಿದನು. ದಾರಿಯಲ್ಲಿ ಸಿಗಬೇಕಾಗಿದ್ದ ಆಹಾರ ಸಿಗಲಿಲ್ಲ. ಸೈನಿಕರು ಹುರಿದ ಜೋಳವನ್ನು ಜಗಿಯುತ್ತ ಹಗಲಿರುಳು ನಡೆದರು. ಏಪ್ರಿಲ್ 6ರಂದು ಸೇಲರ್ಸ್ ಕ್ರೀಕ್ ಎಂಬ ತೊರೆಯ ಬಳಿ ಸೈನ್ಯದ ದೊಡ್ಡ ಭಾಗವೇ ಸೆರೆಯಾಯಿತು. ಮರುದಿನ ಉತ್ತರದ ಸೇನಾಪತಿ ಯುಲಿಸಿಸ್ ಗ್ರಾಂಟನು ಫಾರ್ಮ್‌ವಿಲ್ ಎಂಬ ಊರಿನಿಂದ ಲೀಗೆ ಒಂದು ಪತ್ರ ಬರೆದು, ಇನ್ನು ರಕ್ತ ಹರಿಸುವುದು ವ್ಯರ್ಥವೆಂದು ಸೂಚಿಸಿದನು. ಪತ್ರಗಳು ಆಚೀಚೆ ಓಡಾಡುತ್ತಿರುವಾಗಲೇ ಉತ್ತರದ ಕುದುರೆಯ ದಳ ಮುಂದೆ ನುಗ್ಗಿ ಅಪೊಮ್ಯಾಟಕ್ಸ್ ರೈಲು ನಿಲ್ದಾಣದಲ್ಲಿದ್ದ ಲೀಯ ಆಹಾರದ ಬಂಡಿಗಳನ್ನು ಹಿಡಿಯಿತು. ಏಪ್ರಿಲ್ 9ರ ಬೆಳಗ್ಗೆ ದಕ್ಷಿಣದವರು ಕೊನೆಯ ಬಾರಿ ಮುನ್ನುಗ್ಗಿ ನೋಡಿದರು. ಎದುರಿನ ಕುದುರೆ ಸವಾರರು ಸರಿದುಕೊಂಡಾಗ ಅವರ ಹಿಂದೆ ಸಾಲುಸಾಲಾಗಿ ಕಾಲಾಳುಗಳು ನಿಂತಿರುವುದು ಕಂಡಿತು. ಆ ಸಾಲುಗಳಲ್ಲಿ ಕಪ್ಪು ಜನರ ಪಡೆಗಳೂ ಇದ್ದವು. ಅವರಲ್ಲಿ ಅನೇಕರು ಸ್ವಲ್ಪ ಕಾಲದ ಹಿಂದಷ್ಟೇ ಗುಲಾಮರಾಗಿದ್ದವರು. ಲೀಗೆ ಮುಂದಿನ ದಾರಿ ಮುಚ್ಚಿಹೋಯಿತು.

ಭೇಟಿಗೆ ಒಂದು ಸ್ಥಳ ಬೇಕಾಗಿತ್ತು. ಅದನ್ನು ಹುಡುಕಲು ಬಂದ ಲೀಯ ಸಹಾಯಕನ ಕಣ್ಣಿಗೆ ಬಿದ್ದವನು ವಿಲ್ಮರ್ ಮೆಕ್ಲೀನ್ ಎಂಬ ವ್ಯಾಪಾರಿ. ಅವನ ಕಥೆ ವಿಚಿತ್ರವಾದುದು. ಯುದ್ಧದ ಮೊದಲ ವರ್ಷ ಅವನು ಮನಾಸಸ್ ಎಂಬಲ್ಲಿ ವಾಸವಾಗಿದ್ದನು. 1861ರ ಜುಲೈಯಲ್ಲಿ ಮೊದಲ ದೊಡ್ಡ ಕಾಳಗ ಅವನ ಜಮೀನಿನ ಸುತ್ತಲೇ ನಡೆದು, ತೋಪಿನ ಗುಂಡೊಂದು ಅವನ ಅಡುಗೆಮನೆಗೇ ಬಂದು ಬಿದ್ದಿತಂತೆ. ಅವನು ಸಂಸಾರವನ್ನು ಕರೆದುಕೊಂಡು ಎಲ್ಲಿಯೋ ಮೂಲೆಯಲ್ಲಿದ್ದ ಈ ಹಳ್ಳಿಗೆ ಬಂದನು. ಯುದ್ಧವು ಅವನನ್ನು ಇಲ್ಲಿಗೂ ಹುಡುಕಿಕೊಂಡು ಬಂದಿತು. ಅವನು ಮೊದಲು ಒಂದು ಪಾಳು ಕಟ್ಟಡವನ್ನು ತೋರಿಸಿದನೆಂದೂ, ಅದು ಒಪ್ಪಿಗೆಯಾಗದಿರಲು ತನ್ನ ಮನೆಯನ್ನೇ ಬಿಟ್ಟುಕೊಟ್ಟನೆಂದೂ ಹೇಳುತ್ತಾರೆ.

ನಾವು ಆ ಮನೆಯ ಮೆಟ್ಟಿಲನ್ನೇರಿ ಒಳಗೆ ಹೋದೆವು. ಕೆಂಪು ಇಟ್ಟಿಗೆಯ ಮನೆ. ಮುಂದೆ ಉದ್ದಕ್ಕೂ ಮರದ ಜಗಲಿ. ಎಡಗಡೆಗೆ ಆ ಕೋಣೆ. ಕೋಣೆಯೇನೂ ದೊಡ್ಡದಲ್ಲ. ಎರಡು ಮೇಜುಗಳು: ಒಂದು ಅಮೃತಶಿಲೆಯ ಹಲಗೆಯದು, ಇನ್ನೊಂದು ಸಣ್ಣ ಮರದ ಮೇಜು. ಮೊದಲನೆಯದರ ಬಳಿ ಲೀ ಕುಳಿತಿದ್ದನು, ಎರಡನೆಯದರ ಬಳಿ ಗ್ರಾಂಟ್. ಲೀ ಹೊಸ ಸಮವಸ್ತ್ರ ಧರಿಸಿ, ನಡುವಿಗೆ ಅಂದವಾದ ಖಡ್ಗ ಕಟ್ಟಿ, ಮೊದಲೇ ಬಂದು ಕಾದಿದ್ದನು. ಗೆದ್ದ ಗ್ರಾಂಟನ ಮೈಮೇಲೆ ಸಾಮಾನ್ಯ ಸಿಪಾಯಿಯ ಅಂಗಿ, ಭುಜದ ಪಟ್ಟಿಯೊಂದೇ ಅವನ ಪದವಿಯ ಗುರುತು, ಬೂಟಿಗೆಲ್ಲ ಕೆಸರು. ಕೋಣೆಯೊಳಗೆ ಒಬ್ಬ ಅಪರಿಚಿತನು ಇಣುಕಿದ್ದರೆ ಯಾರು ಗೆದ್ದವರು, ಯಾರು ಸೋತವರು ಎಂಬುದನ್ನು ತಪ್ಪಾಗಿಯೇ ಊಹಿಸುತ್ತಿದ್ದನು.

ಇಬ್ಬರೂ ಹಿಂದೆ ಮೆಕ್ಸಿಕೋ ಯುದ್ಧದಲ್ಲಿ ಒಂದೇ ಧ್ವಜದ ಕೆಳಗೆ ಸೇವೆ ಸಲ್ಲಿಸಿದ್ದವರು. ಗ್ರಾಂಟನು ಆ ಹಳೆಯ ದಿನಗಳ ಮಾತನ್ನೇ ಆಡುತ್ತ ಹೋದನು; ಬಂದ ಕೆಲಸವನ್ನು ನೆನಪಿಸಿದವನು ಲೀ. ಆಗ ಗ್ರಾಂಟನು ತಾನೇ ಪೆನ್ಸಿಲು ಹಿಡಿದು ಷರತ್ತುಗಳನ್ನು ಬರೆದನು. ಸೈನಿಕರು ಮತ್ತೆ ಆಯುಧ ಹಿಡಿಯುವುದಿಲ್ಲವೆಂದು ಮಾತು ಕೊಟ್ಟು ತಮ್ಮ ತಮ್ಮ ಮನೆಗೆ ಹೋಗಬಹುದು. ಕೊಟ್ಟ ಮಾತಿಗೆ ತಪ್ಪದಿರುವವರೆಗೆ ಸರಕಾರ ಅವರನ್ನು ಪೀಡಿಸುವುದಿಲ್ಲ. ತೋಪು ಬಂದೂಕುಗಳನ್ನು ಒಪ್ಪಿಸಬೇಕು. ಆದರೆ ಅಧಿಕಾರಿಗಳು ತಮ್ಮ ಸ್ವಂತ ಆಯುಧ, ಕುದುರೆ, ಸಾಮಾನುಗಳನ್ನು ಇಟ್ಟುಕೊಳ್ಳಬಹುದು. ಲೀಯ ಖಡ್ಗವನ್ನು ಗ್ರಾಂಟನು ಕೇಳಲಿಲ್ಲ. ಲೀಯು ಒಂದು ಸಂಗತಿಯನ್ನು ಅರಿಕೆ ಮಾಡಿದನು: ತನ್ನ ಸೈನ್ಯದಲ್ಲಿ ಸಾಮಾನ್ಯ ಸವಾರರೂ ತಮ್ಮ ಸ್ವಂತ ಕುದುರೆಗಳನ್ನೇ ತಂದಿದ್ದಾರೆ. ಗ್ರಾಂಟನು ಯೋಚಿಸಿ, ಅವರಲ್ಲಿ ಬಹುಮಂದಿ ಸಣ್ಣ ರೈತರು, ಬಿತ್ತನೆಯ ಕಾಲದಲ್ಲಿ ಉಳಲು ಪ್ರಾಣಿ ಇಲ್ಲದಿದ್ದರೆ ಮುಂದಿನ ಚಳಿಗಾಲವನ್ನು ಕಳೆಯಲಾರರು ಎಂದು ತಿಳಿದು, ಕುದುರೆ ಹೇಸರಗತ್ತೆಗಳನ್ನು ಒಯ್ಯಲು ಒಪ್ಪಿದನು. ಹಸಿದವರಿಗಾಗಿ 25,000 ಜನರ ಊಟದ ಪಡಿಯನ್ನೂ ಕೊಡಿಸಿದನು.

ಷರತ್ತುಗಳನ್ನು ಶಾಯಿಯಲ್ಲಿ ಶುದ್ಧಪ್ರತಿ ಮಾಡಿದವನು ಈಲಿ ಪಾರ್ಕರ್ ಎಂಬ ಅಧಿಕಾರಿ. ಅವನು ಸೆನೆಕಾ ಬುಡಕಟ್ಟಿಗೆ ಸೇರಿದವನು, ಅಮೆರಿಕದ ಮೂಲನಿವಾಸಿ. ಅವನ ಕೈ ಕುಲುಕುವಾಗ ಲೀಯು, ಇಲ್ಲಿ ಒಬ್ಬ ನಿಜವಾದ ಅಮೆರಿಕನ್ನನನ್ನು ಕಂಡು ಸಂತೋಷವಾಯಿತೆಂದು ಹೇಳಿದನೆಂದೂ, ನಾವೆಲ್ಲರೂ ಅಮೆರಿಕನ್ನರೇ ಎಂದು ಪಾರ್ಕರನು ಉತ್ತರಿಸಿದನೆಂದೂ ಒಂದು ಕಥೆ ಬಳಕೆಯಲ್ಲಿದೆ.

ಲೀಯು ಕುದುರೆಯೇರಿ ಹೊರಟುಹೋದ ಮೇಲೆ ಉತ್ತರದ ಪಾಳೆಯದಲ್ಲಿ ಸಂತೋಷದ ತೋಪುಗಳು ಹಾರತೊಡಗಿದವು. ಗ್ರಾಂಟನು ಒಡನೆಯೇ ಅವನ್ನು ನಿಲ್ಲಿಸಲು ಆಜ್ಞೆ ಮಾಡಿದನು. ಸೋತವರ ಪತನವನ್ನು ಕಂಡು ಹಿಗ್ಗುವುದು ಅವನಿಗೆ ಬೇಕಾಗಿರಲಿಲ್ಲ.

ಈ ಮಾತನ್ನು ನಮಗೆ ಹೇಳಿದವನು ಅಲ್ಲಿಯ ಮಾರ್ಗದರ್ಶಕ. ಅವನು ಮುಂದಿನ ಕಥೆಗೆ ಹೋದನು. ನನ್ನ ಮನಸ್ಸು ಮಾತ್ರ ಆ ನಿಂತುಹೋದ ತೋಪುಗಳ ಬಳಿಯೇ ಉಳಿಯಿತು. ಬಹು ವರ್ಷಗಳ ಹಿಂದಿನ ಒಂದು ಬೆಳಗು ನೆನಪಿಗೆ ಬಂದಿತು. ಆಗ ನಾನು ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿ ಹೊಸ ಉಪಾಧ್ಯಾಯ. ಶಿಸ್ತಿನ ಹೊಣೆಯನ್ನು ನನಗೆ ವಹಿಸಿದ್ದರು. ಒಂದು ದಿನ ಕುಡಿಯುವ ನೀರಿನ ಹರವಿಯ ಬಳಿ ಹುಡುಗರ ಎರಡು ಗುಂಪುಗಳಿಗೆ ಜಗಳವಾಯಿತು. ತಪ್ಪು ಒಂದು ಗುಂಪಿನದೆಂದು ವಿಚಾರಣೆಯಲ್ಲಿ ತಿಳಿಯಿತು. ಹೊಡೆತ ತಿಂದು ಸೋತದ್ದೂ ಅದೇ ಗುಂಪು. ನಾನು ಅದರ ನಾಯಕನಾದ ಹುಡುಗನನ್ನು ಮರುದಿನ ಪ್ರಾರ್ಥನೆಯ ವೇಳೆಯಲ್ಲಿ ಎಲ್ಲರ ಮುಂದೆ ನಿಲ್ಲಿಸಿ, ಮೊಣಕಾಲೂರಿಸಿ, ಕ್ಷಮೆ ಕೇಳಿಸಿದೆ. ಹುಡುಗರು ಚಪ್ಪಾಳೆ ತಟ್ಟಿದರು, ಕೇಕೆ ಹಾಕಿದರು. ನಾನು ಅವರನ್ನು ತಡೆಯಲಿಲ್ಲ. ನ್ಯಾಯ ಗೆದ್ದಿತೆಂಬ ಹೆಮ್ಮೆ ನನ್ನಲ್ಲಿಯೂ ಇತ್ತು. ಮರುದಿನದಿಂದ ಆ ಹುಡುಗ ಶಾಲೆಗೆ ಬರಲಿಲ್ಲ. ಮನೆಗೆ ಹೇಳಿಕಳುಹಿಸಿದರೂ ಬರಲಿಲ್ಲ. ಅವನು ಮಾಡಿದ್ದು ತಪ್ಪೇ. ಆದರೆ ತಪ್ಪನ್ನು ತಿದ್ದಿಕೊಂಡು ಹಿಂದಿರುಗುವುದಕ್ಕೆ ಒಂದು ದಾರಿ ಇರಬೇಕಾಗಿತ್ತು. ಆ ದಾರಿಯಲ್ಲಿ ನಾನು ಚಪ್ಪಾಳೆಯ ಬೇಲಿ ಹಾಕಿದ್ದೆ.

ಹಳ್ಳಿಯ ನಡುವಿನ ರಸ್ತೆಗೆ ಬಂದೆವು. ಏಪ್ರಿಲ್ 12ರಂದು, ಅಂದರೆ ಯುದ್ಧ ಆರಂಭವಾಗಿ ಸರಿಯಾಗಿ ನಾಲ್ಕು ವರ್ಷ ತುಂಬಿದ ದಿನ, ದಕ್ಷಿಣದ ಕಾಲಾಳುಗಳು ಇದೇ ರಸ್ತೆಯಲ್ಲಿ ನಡೆದು ಬಂದು ತಮ್ಮ ಬಂದೂಕುಗಳನ್ನೂ ಧ್ವಜಗಳನ್ನೂ ಒಪ್ಪಿಸಿದರು. ಅವರನ್ನು ಎದುರುಗೊಂಡ ಉತ್ತರದ ಅಧಿಕಾರಿ ಜೋಶುವಾ ಚೇಂಬರ್ಲೇನ್, ಯುದ್ಧಕ್ಕೆ ಮೊದಲು ಕಾಲೇಜಿನಲ್ಲಿ ಅಧ್ಯಾಪಕನಾಗಿದ್ದವನು. ಸೋತ ಸೈನ್ಯ ಹತ್ತಿರ ಬರುತ್ತಲೇ ಅವನು ತನ್ನವರಿಗೆ ಬಂದೂಕೆತ್ತಿ ಗೌರವ ಸೂಚಿಸಲು ಆಜ್ಞೆ ಕೊಟ್ಟನಂತೆ. ತಲೆ ತಗ್ಗಿಸಿ ಮುಂದೆ ಬರುತ್ತಿದ್ದ ದಕ್ಷಿಣದ ದಳಪತಿ ಜಾನ್ ಗಾರ್ಡನ್ ಅದನ್ನು ಕಂಡು, ನೆಟ್ಟಗಾಗಿ, ಖಡ್ಗವನ್ನಿಳಿಸಿ ಮರುವಂದನೆ ಸಲ್ಲಿಸಿದನಂತೆ. ಚೇಂಬರ್ಲೇನನೇ ಹೀಗೆ ಬರೆದಿಟ್ಟಿದ್ದಾನೆ. ಒಬ್ಬ ಅಧ್ಯಾಪಕ ರಣರಂಗದಲ್ಲಿ ಮಾಡಬಲ್ಲುದನ್ನು ಇನ್ನೊಬ್ಬ ಅಧ್ಯಾಪಕ ಶಾಲೆಯ ಅಂಗಳದಲ್ಲಿ ಮಾಡಲಾರದೆ ಹೋದನಲ್ಲ ಎಂದು ನನಗೆ ನಾಚಿಕೆಯಾಯಿತು.

ಎದುರಿನ ಛತ್ರದಲ್ಲಿ ಆಗ ಮುದ್ರಣಯಂತ್ರಗಳನ್ನು ಹೂಡಿ, ಮನೆಗೆ ಹೋಗುವ ಪ್ರತಿಯೊಬ್ಬ ಸೈನಿಕನಿಗೂ ಒಂದೊಂದು ರಹದಾರಿ ಚೀಟಿಯನ್ನು ಅಚ್ಚು ಹಾಕಿಸಿದ್ದರು. ಅಂಥ ಚೀಟಿ ಪಡೆದವರು 28,231 ಮಂದಿ. ಊರಿನ ಪಶ್ಚಿಮಕ್ಕೆ ಒಂದು ಚಿಕ್ಕ ಸ್ಮಶಾನವಿದೆ. ಅಲ್ಲಿ ದಕ್ಷಿಣದ ಹದಿನೆಂಟು ಸೈನಿಕರ ನಡುವೆ ಉತ್ತರದ ಒಬ್ಬ ಸೈನಿಕನೂ ಮಲಗಿದ್ದಾನೆ. ಚೀಟಿ ಸಿಗುವ ಮೊದಲೇ ಅವರ ಪಯಣ ಮುಗಿದಿತ್ತು.

ಮೆಕ್ಲೀನನ ಮನೆಯ ಮುಂದಿನ ಕಥೆ ಅಷ್ಟು ಉದಾತ್ತವಾದುದಲ್ಲ. ಸೇನಾಪತಿಗಳು ಎದ್ದು ಹೋಗುತ್ತಲೇ ಅಧಿಕಾರಿಗಳು ಆ ಕೋಣೆಯ ಸಾಮಾನುಗಳನ್ನು ನೆನಪಿಗೆಂದು ಕೊಂಡೊಯ್ದರು. ಕೆಲವರು ಹಣ ಕೊಟ್ಟರು, ಕೆಲವರು ಅದನ್ನೂ ಕೊಡಲಿಲ್ಲ. ಮೆಕ್ಲೀನನ ಏಳೆಂಟು ವರ್ಷದ ಮಗಳು ಲೂಲಾಳ ಬಟ್ಟೆಯ ಗೊಂಬೆಯನ್ನು ಕೂಡ ಒಬ್ಬ ಅಧಿಕಾರಿ ಒಯ್ದನು. 1892ರಲ್ಲಿ ನ್ಯಾಯಾಲಯ ಸುಟ್ಟುಹೋಗಿ, ಜಿಲ್ಲಾ ಕೇಂದ್ರವು ರೈಲು ನಿಲ್ದಾಣದ ಬಳಿಯ ಊರಿಗೆ ಹೋಯಿತು, ಹಳ್ಳಿ ಬರಿದಾಯಿತು. 1893ರಲ್ಲಿ ಕೆಲವರು ಮೆಕ್ಲೀನನ ಮನೆಯನ್ನು ವಾಷಿಂಗ್ಟನ್ನಿಗೆ ಸಾಗಿಸಿ ಪ್ರದರ್ಶನ ಮಾಡಬೇಕೆಂದು ಇಟ್ಟಿಗೆ ಇಟ್ಟಿಗೆಯಾಗಿ ಬಿಚ್ಚಿಸಿದರು. ಅಷ್ಟರಲ್ಲಿ ಹಣ ಮುಗಿಯಿತು. ಸುಮಾರು ಐವತ್ತು ವರ್ಷ ಆ ರಾಶಿ ಮಳೆಬಿಸಿಲಿಗೆ ಬಿದ್ದಿತ್ತು. ಬಂದವರು ಕೈಗೆ ಸಿಕ್ಕ ಇಟ್ಟಿಗೆಯನ್ನು ಒಯ್ದರು. ಬಿಚ್ಚುವಾಗ ಬರೆದಿಟ್ಟ ನಕ್ಷೆಗಳು ಉಳಿದಿದ್ದುದರಿಂದ ಸರಕಾರ ಮನೆಯನ್ನು ಅದೇ ಜಾಗದಲ್ಲಿ ಮತ್ತೆ ಕಟ್ಟಿಸಿ 1949ರಲ್ಲಿ ಜನರಿಗೆ ತೆರೆಯಿತು. 1950ರಲ್ಲಿ ಅದರ ಸಮರ್ಪಣೆಯ ಸಮಾರಂಭಕ್ಕೆ ಗ್ರಾಂಟನ ಮತ್ತು ಲೀಯ ವಂಶದವರು ಒಟ್ಟಿಗೆ ಬಂದಿದ್ದರು. ನ್ಯಾಯಾಲಯದ ಕಟ್ಟಡವೂ 1960ರ ದಶಕದಲ್ಲಿ ಮತ್ತೆ ಎದ್ದಿತು. ಲೂಲಾಳ ಗೊಂಬೆಯೂ 1992ರಲ್ಲಿ ಹಳ್ಳಿಗೆ ಹಿಂದಿರುಗಿತು.

ಅಮೆರಿಕದ ಜನರು ಆ ಗೊಂಬೆಯನ್ನು ‘ಮೌನಸಾಕ್ಷಿ’ ಎಂದು ಕರೆಯುತ್ತಾರೆ. ನನ್ನ ಮೊಮ್ಮಗಳು ಬಹಳ ಹೊತ್ತು ಅದರ ಕಥೆಯನ್ನೇ ಕೇಳಿದಳು. ಆಮೇಲೆ ನಾವು ಮನೆಯ ಹಿತ್ತಲಿಗೆ ಹೋದೆವು. ಅಲ್ಲಿ ಬೇರೆಯಾಗಿ ಕಟ್ಟಿದ ಅಡುಗೆಮನೆ ಇದೆ. ಅದರ ಬಳಿ ಗುಲಾಮರು ವಾಸಿಸುತ್ತಿದ್ದ ಚಿಕ್ಕ ಮರದ ಮನೆ.

“ಅಜ್ಜಾ, ಈ ಮನೆಯ ಮಕ್ಕಳ ಗೊಂಬೆ ಎಲ್ಲಿದೆ?” ಎಂದು ಅವಳು ಕೇಳಿದಳು.

ನಾನು ಉತ್ತರಕ್ಕಾಗಿ ಮಗನ ಮುಖ ನೋಡಿದೆ; ಅವನು ನನ್ನ ಮುಖ ನೋಡಿದನು. ಆ ಜಿಲ್ಲೆಯ ಜನರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಗುಲಾಮರಾಗಿದ್ದರು. ಮುಂದಿನ ಕೋಣೆಯಲ್ಲಿ ಸೇನಾಪತಿಗಳು ಮಾತನಾಡಿದ ಒಂದೂವರೆ ಗಂಟೆಯೂ ಈ ಹಿತ್ತಲು ಇಲ್ಲಿಯೇ ಇತ್ತು. ಯುದ್ಧ ಯಾರ ಬಂಧನದ ಪ್ರಶ್ನೆಯಿಂದ ಹುಟ್ಟಿತೋ ಅವರ ಹೆಸರು ಆ ಷರತ್ತುಗಳಲ್ಲಿ ಒಂದು ಸಲವೂ ಬರಲಿಲ್ಲ. ಹ್ಯಾನಾ ರೆನಾಲ್ಡ್ಸ್ ಎಂಬ ಗುಲಾಮ ಹೆಂಗಸಿಗೆ ಏಪ್ರಿಲ್ 9ರ ಬೆಳಗ್ಗೆ ತೋಪಿನ ಗುಂಡು ತಗುಲಿತು. ಮೂರು ದಿನ ನರಳಿ ಅವಳು ತೀರಿಕೊಂಡಳು. ಲೀಯ ಸೈನ್ಯ ಶರಣಾದಾಗ ಅವಳು ಬದುಕಿದ್ದಳು. ಆದ್ದರಿಂದ ಅವಳು ಸತ್ತದ್ದು ಸ್ವತಂತ್ರಳಾಗಿ. ಅವಳ ಸ್ವಾತಂತ್ರ್ಯದ ಆಯುಸ್ಸು ಮೂರು ದಿನ. ಶರಣಾಗತಿಯ ನೂರೈವತ್ತನೆಯ ವರ್ಷವಾದ 2015ರಲ್ಲಿ ಈ ಹಳ್ಳಿಯಲ್ಲಿ ಅವಳ ನೆನಪಿಗಾಗಿ ದೀಪಗಳನ್ನು ಹಚ್ಚಿದರು.

ಮಧ್ಯಾಹ್ನದ ಮೇಲೆ ನಾವು ರಿಚ್ಮಂಡಿಗೆ ಹೊರಟೆವು. ದಾರಿಯಲ್ಲಿ ಫಾರ್ಮ್‌ವಿಲ್ ಸಿಕ್ಕಿತು. ಗ್ರಾಂಟನು ಮೊದಲ ಪತ್ರವನ್ನು ಬರೆದ ಊರು. ಮಗನು ಅಲ್ಲಿ ಒಂದು ಹಳೆಯ ಶಾಲೆಯ ಮುಂದೆ ವಾಹನವನ್ನು ನಿಲ್ಲಿಸಿದನು. ರಾಬರ್ಟ್ ರಸ್ಸ ಮೋಟನ್ ಪ್ರೌಢಶಾಲೆ; ಈಗ ಅದು ವಸ್ತುಸಂಗ್ರಹಾಲಯ.

ಗುಲಾಮಗಿರಿಯನ್ನು 1865ರ ಡಿಸೆಂಬರಿನಲ್ಲಿ ಸಂವಿಧಾನದ ಹದಿಮೂರನೆಯ ತಿದ್ದುಪಡಿ ರದ್ದುಮಾಡಿತು. ಆದರೆ ಉತ್ತರದ ಬಿಳಿಯರಿಗೂ ದಕ್ಷಿಣದ ಬಿಳಿಯರಿಗೂ ರಾಜಿಯಾದಂತೆಲ್ಲ, ಬಿಡುಗಡೆ ಹೊಂದಿದವರ ಹಕ್ಕುಗಳು ಒಂದೊಂದಾಗಿ ಕೈಬಿಟ್ಟುಹೋದವು. ಬೇರೆ ಶಾಲೆ, ಬೇರೆ ನಲ್ಲಿ, ಬೇರೆ ಆಸನ ಎಂಬ ಕಟ್ಟಳೆಗಳು ಬಂದವು. ಮೋಟನ್ ಶಾಲೆ ಕಪ್ಪು ಮಕ್ಕಳಿಗಾಗಿ ಇದ್ದ ಶಾಲೆ. 180 ಮಂದಿಗೆಂದು ಕಟ್ಟಿದ ಅಲ್ಲಿ 450ಕ್ಕೂ ಹೆಚ್ಚು ಮಂದಿ ಓದುತ್ತಿದ್ದರು. ಉಳಿದವರಿಗಾಗಿ ಹೊರಗೆ ಡಾಂಬರು ಕಾಗದ ಹೊದಿಸಿದ ಜೋಪಡಿಗಳನ್ನು ಹಾಕಿದ್ದರು. 1951ರ ಏಪ್ರಿಲ್ 23ರಂದು ಬಾರ್ಬರಾ ಜಾನ್ಸ್ ಎಂಬ ಹದಿನಾರು ವರ್ಷದ ವಿದ್ಯಾರ್ಥಿನಿ ಶಾಲೆಯ ಸಭಾಂಗಣದಲ್ಲಿ ಎಲ್ಲರನ್ನೂ ಸೇರಿಸಿ, ಒಳ್ಳೆಯ ಶಾಲೆ ಸಿಗುವವರೆಗೆ ತರಗತಿಗೆ ಹೋಗಬಾರದೆಂದು ಒಪ್ಪಿಸಿದಳು. ಒಂದು ಬಂದೂಕೂ ಇಲ್ಲದ ಸಮರ ಅದು. ಅಲ್ಲಿಂದ ಹುಟ್ಟಿದ ಮೊಕದ್ದಮೆ, ಇತರ ಮೊಕದ್ದಮೆಗಳೊಡನೆ ಸೇರಿ, ಅಮೆರಿಕದ ಸರ್ವೋಚ್ಚ ನ್ಯಾಯಾಲಯಕ್ಕೆ ಹೋಯಿತು. ಸರಕಾರಿ ಶಾಲೆಗಳಲ್ಲಿ ಬಣ್ಣದ ಭೇದ ಕೂಡದೆಂದು 1954ರಲ್ಲಿ ತೀರ್ಪು ಬಂದಿತು. ಅದನ್ನು ಒಪ್ಪಲು ಮನಸ್ಸಿಲ್ಲದ ಆ ಜಿಲ್ಲೆಯ ಅಧಿಕಾರಿಗಳು 1959ರಲ್ಲಿ ಸರಕಾರಿ ಶಾಲೆಗಳನ್ನೇ ಮುಚ್ಚಿಬಿಟ್ಟರು. ಐದು ವರ್ಷ, 1964ರವರೆಗೆ, ಅವು ಮುಚ್ಚಿದ್ದವು. ಆ ಕಾಲದಲ್ಲಿ ಓದಬೇಕಾಗಿದ್ದ ಅನೇಕ ಮಕ್ಕಳು ಮತ್ತೆ ಓದಲೇ ಇಲ್ಲ.

ವಾಷಿಂಗ್ಟನ್ನಿನ ಸಂಸತ್ ಭವನದಲ್ಲಿ ಪ್ರತಿಯೊಂದು ರಾಜ್ಯವೂ ತನ್ನ ಇಬ್ಬರು ಮಾನ್ಯರ ಪ್ರತಿಮೆಗಳನ್ನು ಇಡುತ್ತದೆ. ವರ್ಜೀನಿಯದ ಪರವಾಗಿ ಅಲ್ಲಿ ಬಹುಕಾಲ ನಿಂತಿದ್ದ ರಾಬರ್ಟ್ ಲೀಯ ಪ್ರತಿಮೆಯನ್ನು 2020ರ ಡಿಸೆಂಬರಿನಲ್ಲಿ ತೆಗೆದರು. ಅದರ ಸ್ಥಾನಕ್ಕೆ ಆ ರಾಜ್ಯ ಆರಿಸಿದ್ದು ಬಾರ್ಬರಾ ಜಾನ್ಸಳ ಪ್ರತಿಮೆಯನ್ನು.

ಕತ್ತಲಾಗುತ್ತಿತ್ತು. ವಾಹನದಲ್ಲಿ ಮೊಮ್ಮಗಳಿಗೆ ನನ್ನ ಶಾಲೆಯ ಕಥೆಯನ್ನು ಹೇಳಿದೆ. ಮೊಣಕಾಲೂರಿದ ಹುಡುಗನ ವಿಷಯವನ್ನು ಹೇಳಿ, ಗೆದ್ದವರು ಕೇಕೆ ಹಾಕಬಾರದೆಂದು ಹೇಳಿದೆ. ಅವಳು ಜಗಳವೇಕೆ ಹುಟ್ಟಿತೆಂದು ಕೇಳಿದಳು. ಆಗ ನಾನು ಅದುವರೆಗೆ ಯಾರಿಗೂ ಹೇಳದಿದ್ದ ಭಾಗವನ್ನೂ ಹೇಳಬೇಕಾಯಿತು. ಕೇರಿಯಿಂದ ಬರುತ್ತಿದ್ದ ಒಬ್ಬ ಮೆಲುಮಾತಿನ ಹುಡುಗ ಆ ದಿನ ಬಾಯಾರಿ ಹರವಿಗೆ ತಂಬಿಗೆ ಹಾಕಿದ್ದನು. ನಾಯಕನಾದ ಹುಡುಗ ಅವನ ಕೈಯಿಂದ ತಂಬಿಗೆಯನ್ನು ಕಸಿದು ಎಸೆದನು. ಆ ಮೆಲುಮಾತಿನ ಹುಡುಗನ ಪರವಾಗಿ ಬೇರೆ ಕೆಲವರು ಹೊಡೆದಾಡಿದರು. ನಾನು ಹೊಡೆದಾಡಿದವರ ವಿಚಾರಣೆ ಮಾಡಿದೆ, ಶಿಕ್ಷೆ ಕೊಟ್ಟೆ, ಗುಂಪುಗಳಿಗೆ ರಾಜಿ ಮಾಡಿಸಿದೆ. ಶಾಲೆಯಲ್ಲಿ ಶಾಂತಿ ನೆಲಸಿತೆಂದು ಹಿರಿಯರು ನನ್ನನ್ನು ಹೊಗಳಿದರು.

“ಮರುದಿನ ಆ ಹುಡುಗ ಹರವಿಯ ನೀರು ಕುಡಿದನೇ, ಅಜ್ಜಾ?” ಎಂದು ಅವಳು ಕೇಳಿದಳು.

“ನನಗೆ ಗೊತ್ತಿಲ್ಲ, ಮಗೂ. ನಾನು ಕೇಳಲಿಲ್ಲ” ಎಂದೆ.

ಅವಳು ಮತ್ತೇನೂ ಕೇಳಲಿಲ್ಲ. ಸ್ವಲ್ಪ ಹೊತ್ತಿನಲ್ಲಿ ನಿದ್ದೆಹೋದಳು. ಸೋತವನನ್ನು ಹೀಗೆ ನಡೆಸಿಕೊಳ್ಳಬೇಕೆಂದು ಆ ಹಳ್ಳಿಯ ಮುಂದಿನ ಕೋಣೆ ನನಗೆ ಕಲಿಸಿತ್ತು. ಅದು ಸಣ್ಣ ಪಾಠವಲ್ಲ. ಆದರೆ ಜಗಳವಾಡಿದ ಇಬ್ಬರು ಕೈ ಕುಲುಕಿದ ಮೇಲೆ, ಯಾರ ಸಲುವಾಗಿ ಜಗಳವಾಯಿತೋ ಅವನ ಬಾಯಾರಿಕೆ ತೀರಿತೇ ಎಂದು ನೋಡುವ ಕೆಲಸ ಉಳಿದಿರುತ್ತದೆ. ಅದನ್ನು ನಾನು ಕಲಿತದ್ದು ಹಿತ್ತಲಿನ ಅಡುಗೆಮನೆಯ ಬಾಗಿಲಲ್ಲಿ, ಎಂಟು ವರ್ಷದ ಮಗುವಿನಿಂದ. ಊರಿಗೆ ಹಿಂದಿರುಗಿದ ಮೇಲೆ ನಾನು ಆ ಶಾಲೆಗೆ ಒಮ್ಮೆ ಹೋದೆ. ಹರವಿ ಇದ್ದ ಜಾಗದಲ್ಲಿ ಈಗ ನಲ್ಲಿಗಳಿವೆ. ಬಿಡುವಿನ ಗಂಟೆ ಬಾರಿಸಿದಾಗ ಮಕ್ಕಳು ಓಡಿ ಬಂದು ಬೊಗಸೆಯೊಡ್ಡಿ ನೀರು ಕುಡಿದರು. ಗಂಟೆ ಮತ್ತೆ ಬಾರಿಸುವವರೆಗೆ ನಾನು ಅಲ್ಲಿಯೇ ನಿಂತು ನೋಡುತ್ತಿದ್ದೆ.